ಎರೆಹೊಲ: ಬಳಕೆದಾರರ ಕೈಪಿಡಿ (ವಾಡಿ ಮಾದರಿ)

ವಾಡಿ, ಚಿತ್ತಾಪುರ, ಸೇಡಂ ಸೀಮೆಯ ಹೊಲವೊಂದರ ಒಡೆಯರಾಗಿದ್ದಕ್ಕೆ ಅಭಿನಂದನೆಗಳು. ಬಿತ್ತುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ. ಓದದಿದ್ದರೂ ತೊಗರಿ ಬೆಳೆಯುತ್ತದೆ. ನಿಮ್ಮ ಮುತ್ಯಾ ಯಾವ ಕೈಪಿಡಿ ಓದಿದ್ದರು? ಆದರೆ ಅವರ ಕೊಟ್ಟಿಗೆಯಲ್ಲಿ ಎತ್ತುಗಳಿದ್ದವು, ಹೊಲಕ್ಕೆ ಸಗಣಿ ಸಿಗುತ್ತಿತ್ತು.

ಒಳಗಿರುವ ಸಾಮಾನು: ಬಹುಪಾಲು ಜೇಡಿ, ಒಂದಿಷ್ಟು ಮರಳು, ಸುಣ್ಣದ ಹರಳು. ಇವು ಮೂಲತಃ ಕಲ್ಲಿನಿಂದ ಬಂದವು, ಕೊಳೆಯುವುದಿಲ್ಲ, ನಿರವಯವ. ಉಳಿದದ್ದು ಸಾವಯವ: ಉದುರಿದ ತೊಗರಿ ಎಲೆ, ಸತ್ತ ಬೇರು, ಸಗಣಿ, ಹುಳುಹುಪ್ಪಟೆ, ಇವೆಲ್ಲ ಕೊಳೆತ ಮೇಲೆ ಉಳಿಯುವ ಹ್ಯೂಮಸ್. ನೂರು ಕಿಲೊ ಒಣಮಣ್ಣಿನಲ್ಲಿ ಇದು ಒಂದು ಕಿಲೊ ತೂಗಿದರೆ ಪುಣ್ಯ. ಕರಿ ಬಣ್ಣ ನೋಡಿ ಬೀಗಬೇಡಿ. ಜೇಡಿಗೆ ಬಿಗಿಯಾಗಿ ಅಂಟಿಕೊಂಡ ಚೂರುಪಾರು ಹ್ಯೂಮಸ್ಸೇ ಇಡೀ ಹೊಲಕ್ಕೆ ಕಪ್ಪು ಬಳಿಯಬಲ್ಲದು.

ಗುರುತಿಸುವ ಬಗೆ: ಒಂದು ಹಿಡಿ ಮಣ್ಣು ತಂದು ಎರಡು ಪಾಲು ಮಾಡಿ. ಒಂದಕ್ಕೆ ಲಿಂಬೆಹಣ್ಣು ಹಿಂಡಿ. ಬಿಳಿ ಹರಳಿನ ಸುತ್ತ ಬುರುಬುರು ನೊರೆ ಎದ್ದರೆ ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಶಹಾಬಾದ್ ಫರಸಿಯ ಬಳಗ. ಇನ್ನೊಂದನ್ನು ಕಬ್ಬಿಣದ ಹಂಚಿನ ಮೇಲೆ ಹಾಕಿ ಚೆನ್ನಾಗಿ ಕಾಯಿಸಿ. ಹೊಗೆಯಾಡಿ ಕೂದಲು ಸುಟ್ಟಂಥ ವಾಸನೆ ಬಂದರೆ ಅಲ್ಲಿ ಸಾವಯವ ವಸ್ತು ಇತ್ತು ಎಂದರ್ಥ, ಈಗ ಇಲ್ಲ. ರೊಟ್ಟಿ ಹಂಚನ್ನೇ ಬಳಸಿದ್ದರೆ ಮುಂದಿನ ಪರಿಣಾಮಗಳಿಗೆ ಈ ಕೈಪಿಡಿ ಹೊಣೆಯಲ್ಲ.

ಬೆಂಕಿ ಇನ್ನೂ ಜೋರಾದರೆ? ವಾಡಿಯ ಸಿಮೆಂಟ್ ಕಾರ್ಖಾನೆಯನ್ನು ನೋಡಿ. ಎಲೆ, ಬೇರು, ಹ್ಯೂಮಸ್ ಎಲ್ಲ 500 ಡಿಗ್ರಿಯೊಳಗೇ ಉರಿದುಹೋಗುತ್ತವೆ. ಸುಣ್ಣದಕಲ್ಲು ಮಾತ್ರ ಸುಮಾರು 900 ಡಿಗ್ರಿ ಮುಟ್ಟಿದಾಗ ಇಂಗಾಲದ ಡೈಆಕ್ಸೈಡ್ ಬಿಟ್ಟುಕೊಟ್ಟು ಸುಣ್ಣವಾಗುತ್ತದೆ, 1450ರ ಆಸುಪಾಸಿನಲ್ಲಿ ಜೇಡಿಯೊಂದಿಗೆ ಬೆಸೆದು ಸಿಮೆಂಟಿನ ಮೂಲವಾದ ಕ್ಲಿಂಕರ್ ಆಗುತ್ತದೆ.

ಮೇಲಿಂದ ಮೇಲೆ ಬರುವ ದೂರು: ‘ಮಣ್ಣು ಪರೀಕ್ಷೆ ಕಾರ್ಡಿನ್ಯಾಗ ಸಾವಯವ ಇಂಗಾಲ ಕಮ್ಮಿ ಅಂತ ಬಂದದರಿ. ನಮ್ಮ ಹೊಲದ ತುಂಬ ಕಲ್ಲೇ ಅದ, ಕಲ್ಲಿನ್ಯಾಗ ಇಂಗಾಲ ಇಲ್ಲೇನ್ರಿ?’

ಇದೆ. ಶುದ್ಧ ಸುಣ್ಣದಕಲ್ಲಿನ ತೂಕದಲ್ಲಿ ಶೇ 12 ಇಂಗಾಲ. ನೀವು ಚೀಲಗಟ್ಟಲೆ ಸುರಿಯುವ ಯೂರಿಯಾದಲ್ಲಿ ಶೇ 20. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಾದರೋ ಸಾವಯವ ಇಂಗಾಲ ಶೇ 0.5ಕ್ಕಿಂತ ಇಳಿದರೆ ಕಡಿಮೆ, 0.75 ದಾಟಿದರೆ ಹೆಚ್ಚು ಎನ್ನುತ್ತದೆ. ಇಂಗಾಲವಷ್ಟೇ ಬೇಕಿದ್ದರೆ ಹೊಲಕ್ಕೆಲ್ಲ ಫರಸಿ ಹಾಸಿಬಿಡಬಹುದಿತ್ತು. ಆದರೆ ಕಲ್ಲಿನ ಇಂಗಾಲ ಆಮ್ಲಜನಕದೊಂದಿಗೆ ಪೂರ್ತಿ ಕೂಡಿ ಆಗಿದೆ, ಸೂಕ್ಷ್ಮಜೀವಿಗೆ ಅದರಿಂದ ಬಲ ಸಿಗದು. ಬೂದಿಯಿಂದ ಒಲೆ ಹೊತ್ತುತ್ತದೆಯೇ? ಯೂರಿಯಾದ್ದೂ ಅದೇ ಕಥೆ: ನಾಲ್ಕು ದಿನದಲ್ಲಿ ಒಡೆದು ಸಾರಜನಕವನ್ನು ಬೆಳೆಗೆ ಕೊಡುತ್ತದೆ, ಇಂಗಾಲ ಗಾಳಿಗೆ. ಎಲೆ-ಸಗಣಿಯ ಇಂಗಾಲ ಮಾತ್ರ ಇನ್ನೂ ಉರಿಯಬಲ್ಲದ್ದು. ಅದನ್ನು ತಿಂದೇ ಸೂಕ್ಷ್ಮಜೀವಿಗಳು ಬದುಕುತ್ತವೆ, ಸಾರಜನಕ ಬಿಡಿಸಿಕೊಡುತ್ತವೆ, ಮಣ್ಣಿನ ಕಣಗಳನ್ನು ಒಟ್ಟುಗೂಡಿಸಿ ಕಾಳುಕಾಳಾಗಿಸುತ್ತವೆ. ಪ್ರಯೋಗಾಲಯದವರು ಡೈಕ್ರೊಮೇಟ್ ಎಂಬ ರಾಸಾಯನಿಕ ಹಾಕಿ ಅಳೆಯುವುದೂ ಇದನ್ನೇ. ಕಲ್ಲಿನದು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಚೀಟಿಯ ಅಂಕಿಯನ್ನು 1.72ರಿಂದ ಗುಣಿಸಿದರೆ ಸಾವಯವ ವಸ್ತುವಿನ ಅಂದಾಜು ಸಿಗುತ್ತದೆ. ಗುಣಿಸಿದ ಮಾತ್ರಕ್ಕೆ ಹೊಲದಲ್ಲಿ ಅದು ಹೆಚ್ಚಾಗುವುದಿಲ್ಲ.

ಸೋರಿಕೆ: ನಮ್ಮ ಬೇಸಿಗೆ ಸಾವಯವ ವಸ್ತುವನ್ನು ಬೇಗ ಕರಗಿಸುತ್ತದೆ, ಅದಕ್ಕೆ ಮದ್ದಿಲ್ಲ. ಆದರೆ ಸಗಣಿಯೆಲ್ಲ ಕುಳ್ಳಾಗಿ, ತೊಗರಿ ಕಟ್ಟಿಗೆಯೆಲ್ಲ ಒಲೆ ಸೇರಿ, ಹಿಂಗಾರಿ ಜೋಳಕ್ಕೆಂದು ಮಳೆಗಾಲವಿಡೀ ಹೊಲ ಬರಿದಾಗಿ ಬಿದ್ದಿದ್ದರೆ ಅದು ಸೂರ್ಯನ ತಪ್ಪಲ್ಲ. ತೊಗರಿ ಪಾಪ, ಎಲೆ ಉದುರಿಸಿ ತನ್ನ ಪಾಲು ತುಂಬುತ್ತದೆ. ನೀವು ತಿಪ್ಪೆ ತುಂಬಿಸಿ, ಬಿಡುವಿದ್ದಲ್ಲಿ ಸೆಣಬು ಬಿತ್ತಿ ಹೂವಾಡುವ ಹೊತ್ತಿಗೆ ಮಣ್ಣಿಗೆ ಸೇರಿಸಿ.

ವಾರಂಟಿ: ಮೇಲ್ಮಣ್ಣು ಕೆತ್ತಿ ಮಾರಿದವರಿಗೆ ಅನ್ವಯಿಸುವುದಿಲ್ಲ. ಗಣಿಗಳಿಗೇ ಮೇಲ್ಮಣ್ಣನ್ನು ಬೇರೆ ತೆಗೆದಿಟ್ಟು ಮರಳಿ ಬಳಸಬೇಕೆಂಬ ನಿಯಮವಿದೆ. ಮುಂಗಾರಿಗೆ ಮೊದಲು ಬದು ಗಟ್ಟಿಮಾಡಿಕೊಳ್ಳಿ. ಇಲ್ಲವಾದರೆ ಮಣ್ಣಿನಲ್ಲಿ ಹಗುರವಾದ ಸಾವಯವ ಭಾಗವೇ ಎಲ್ಲಕ್ಕಿಂತ ಮೊದಲು ತೇಲಿ ಕಾಗಿಣಾ, ಭೀಮಾ ನದಿ ಸೇರುತ್ತದೆ.