ಫರ್ಸಿ ಮೇಲೆ ಕುಂತ ಟೈಂ ಮಷೀನ್

ಗುಂಡಗುರ್ತಿ ಎಂಬ ಊರಿನ ಕಟ್ಟೆ ಮೇಲೆ ಇಬ್ಬರು ಪ್ರೇಕ್ಷಕರನ್ನು ಕೂರಿಸಿದ್ದೇವೆ ಎನ್ನಿ. ಹುಡುಗನ ತಕರಾರು: “ಕಾಕಾ, ವಿಜ್ಞಾನದ ಪಿಚ್ಚರ್ ಅಂದ್ರ ಅಮೆರಿಕಾದವ್ರದೇ. ನಮ್ಮ ಕಡಿ ರೊಕ್ಕ ಎಲ್ಲದ?” ಕಾಕಾನ ಜವಾಬು: “ರೊಕ್ಕ ಇದ್ರ ಏನ್ ಮಾಡ್ತಾರೋ ತಮ್ಮಾ? 2002ರ ಕನ್ನಡ ಪಿಚ್ಚರ್ ‘ಹಾಲಿವುಡ್’ನಾಗ ಉಪೇಂದ್ರನ ರೋಬೋಟ್ ಹುಡುಗಿಗಿ ಮನಸು ಕೊಟ್ಟಿತು. 2010ರಾಗ ರಜನೀಕಾಂತನ ‘ಎಂದಿರನ್’ ಬಂತು, ದೊಡ್ಡ ಖರ್ಚಿಂದು. ಆ ರೋಬೋಟಿಗೂ ಅದೇ ರೋಗ!”

ರೊಕ್ಕದ ವಾದ ಇಲ್ಲಿಗೇ ಕುಸಿಯುತ್ತದೆ. 2024ರ ಕನ್ನಡ ಚಿತ್ರ ‘ಬ್ಲಿಂಕ್’ನಲ್ಲಿ ಕಾಲಯಾನಕ್ಕೆ ಯಂತ್ರವಿಲ್ಲ, ಕಣ್ಣಿಗೆ ಬಿಟ್ಟ ಒಂದು ಹನಿ ಔಷಧಿ ಸಾಕು. ರೆಪ್ಪೆ ಬಡಿಯುವವರೆಗೆ ನಾಯಕ ಬೇರೆ ಕಾಲದಲ್ಲಿರುತ್ತಾನೆ. ಅಲ್ಲಿ ದುಡಿದದ್ದು ತಲೆ. “ಆದ್ರ ನಮ್ಮೂರಾಗ ಅಂಥ ಕತಿ ಎಲ್ಲದ?” ಎಂದು ಹುಡುಗ ಪಟ್ಟು ಹಿಡಿದರೆ ಕಾಕಾ ಕೆಳಗೆ ಬೆರಳು ತೋರಿಸುತ್ತಾನೆ: “ನೀ ಕುಂತ ಶಹಾಬಾದ್ ಫರ್ಸಿ ಕಲ್ಲು ಕೋಟಿಗಟ್ಲೆ ವರ್ಷದ ಹಿಂದ ಸಮುದ್ರದ ತಳ ಇತ್ತು. ವಾಡಿ, ಸೇಡಂನ್ಯಾಗ ಅದೇ ಸುಣ್ಣಕಲ್ಲು ಸುಟ್ಟು ಸಿಮೆಂಟ್ ಮಾಡ್ತಾರ. ಕಲ್ಲೆಲ್ಲ ತೀರಿದ ಮ್ಯಾಲ ಈ ನೆಲದಾಗ ಏನಿರ್ತದ?”

ಪ್ರೇಕ್ಷಕ ಮಹಾಶಯರೇ, ವಿಜ್ಞಾನದ ಕಥೆಗೆ ಬೇಕಾದದ್ದು ಆ ಪ್ರಶ್ನೆ. ಹಾರುವ ತಟ್ಟೆ ಆಮೇಲೆ ಬಂದರೂ ಆದೀತು.