ಹಿಮದ ಮ್ಯಾಲ ಮಾಸ್ತರ

ಬಬಲೇಶ್ವರ ಕಡೆಯ ಸಾಲಿಗಳಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿ ನಿವೃತ್ತನಾದವನು ನಾನು. ಅಷ್ಟೂ ವರ್ಷ ಹಿಮಾಲಯದ ಬಗ್ಗೆ ಹೇಳಿದೆ. ನೋಡಿದ್ದು ಮಾತ್ರ ಕರಿಹಲಗೆಯ ಮೇಲೆ, ಅದೂ ನಾನೇ ಬಿಡಿಸಿದ್ದು. ಸೀಮೆಸುಣ್ಣ ಹ್ಯಾಗೂ ಬೆಳ್ಳಗಿರುವುದರಿಂದ ಹಿಮಕ್ಕೆ ಬಣ್ಣ ಹುಡುಕುವ ಕಷ್ಟವಿರಲಿಲ್ಲ. ಮಾರ್ಚ್ ಕೊನೆಯ ಬಿಸಿಲಿಗೆ ತಗಡಿನ ಚಾವಣಿ ಟಿಕ್ ಟಿಕ್ ಅನ್ನುತ್ತಿರುವಾಗ ನಾನು ಹಿಮನದಿ ಹ್ಯಾಗೆ ಸರಿಯುತ್ತದೆ ಎಂದು ವಿವರಿಸುತ್ತಿದ್ದೆ, ಹುಡುಗರು ಬೆವರು ಒರೆಸಿಕೊಳ್ಳುತ್ತ ಬರೆದುಕೊಳ್ಳುತ್ತಿದ್ದರು. “ಸರ್, ನೀವು ಹಿಮಾ ನೋಡೀರೇನ್ರಿ?” ಎಂದು ಒಬ್ಬನೂ ಕೇಳಲಿಲ್ಲ. ಕೇಳಿದವಳು ನನ್ನ ಹೆಂಡತಿ. ಅದೂ ನಿವೃತ್ತಿಯ ಮರುದಿನ, ಹಾರದ ಹೂವು ಇನ್ನೂ ಬಾಡಿರಲಿಲ್ಲ.

ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದವ. ಅವನ ಆಫೀಸಿನವನೊಬ್ಬ ಗ್ರೀಸ್ ದೇಶದ ಪಾರ್ನಾಸಸ್ ಗುಡ್ಡಕ್ಕೆ ಹೋಗಿ ಸ್ಕೀ ಆಡಿ ಬಂದಿದ್ದನಂತೆ. “ಹಂಗಾರ ನಾವೂ ಗ್ರೀಸಿಗೆ ಹೋಗೂಣೇನಪಾ?” ಎಂದ. ನನ್ನೊಳಗಿನ ಮಾಸ್ತರ ತಕ್ಷಣ ಎದ್ದು ನಿಂತ. ಗ್ರೀಸ್ ಅಂದರೆ ನಮ್ಮಂಥದೇ ಬಿಸಿಲು ನಾಡು, ಅಥೆನ್ಸ್ ಬಳಿಯ ಎಲೆಫ್ಸಿನಾದಲ್ಲಿ 1977ರ ಜುಲೈನಲ್ಲಿ 48 ಡಿಗ್ರಿ ದಾಖಲಾಗಿದೆ, ವಿಜಯಪುರವೇ ನಾಚಬೇಕು; ಆದರೂ 2,457 ಮೀಟರ್ ಎತ್ತರದ ಪಾರ್ನಾಸಸ್ ಚಳಿಗಾಲಕ್ಕೆ ಹಿಮ ಹೊದ್ದು ಕೂಡುತ್ತದೆ; ಅದರ ಮಗ್ಗುಲಿಗೇ ಡೆಲ್ಫಿ, ಹಳೇ ಕಾಲದ ಗ್ರೀಕರು ಭವಿಷ್ಯ ಕೇಳಲು ಹೋಗುತ್ತಿದ್ದ ಗುಡಿ… ಇಷ್ಟಾಗುವಾಗ ಭವಿಷ್ಯ ಅಡುಗೆಮನೆಯಿಂದಲೇ ಕೇಳಿಬಂತು. “ಪಾಸ್‌ಪೋರ್ಟ್ ಇಲ್ಲದವರು ಗ್ರೀಸಿಗೆ ಹೋಗೂದಿಲ್ಲ. ಆಧಾರ್ ಕಾರ್ಡಿನ್ಯಾಗs ನಿಮ್ಮ ಮಾರಿ ಗುರ್ತು ಸಿಗೂದಿಲ್ಲ.”

ಹೀಗೆ ಗ್ರೀಸ್ ಹೋಗಿ ಸೋಲಂಗ ಆಯಿತು. ಹಿಮಾಚಲದ ಮನಾಲಿಯಿಂದ ಹದಿಮೂರು-ಹದಿನಾಲ್ಕು ಕಿಲೋಮೀಟರ್, ಎತ್ತರ ಸುಮಾರು 2,500 ಮೀಟರ್. ನಮ್ಮ ವಿಜಯಪುರದ್ದು ಸುಮಾರು 600. ಈ ಲೆಕ್ಕವನ್ನೂ ಹೇಳಲು ಹೋದೆ, ಯಾರೂ ಕೇಳಲಿಲ್ಲ.

ಸುದ್ದಿ ತಿಕೋಟಾಕ್ಕೆ ಮುಟ್ಟಿತು. ಅಲ್ಲಿ ನನ್ನ ಹೆಂಡತಿಯ ತಮ್ಮನದು ನಾಲ್ಕು ಎಕರೆ ದ್ರಾಕ್ಷಿ ಪಡ. ಕೇಳಿ ಬಹಳ ಹೊತ್ತು ನಕ್ಕ. “ಮಾಮಾ, ಮುಗಲಿಂದ ಬರ್ಫ್ ಬೀಳೂದು ನೋಡಾಕ ರೊಕ್ಕ ಕೊಟ್ಟು ಹೊಂಟೀರೇನು? ನಮ್ಮ ಪಡಕ್ಕ ಅದು ಪುಕ್ಕಟ ಬಂದು ಹೋಗೈತಿ.” ಅವನು ಹೇಳಿದ್ದು ಆಣೆಕಲ್ಲಿನ ಕಥೆ. ಕಾಯಿ ಸಕ್ಕರೆ ಹಿಡಿಯುವ ಹೊತ್ತಿಗೆ ಅರ್ಧ ತಾಸು ಸುರಿದರೆ ಸಾಕು, ವರ್ಷದ ಒಣದ್ರಾಕ್ಷಿ ನೆಲದ ಪಾಲು. ನಕ್ಕು ಮುಗಿಸಿ ತಾನೂ ಬರುತ್ತೇನೆ ಅಂದ. ದುಷ್ಮನ್‌ನ ಊರು ಹ್ಯಾಗಿದೆ ಒಮ್ಮೆ ನೋಡಬೇಕಂತೆ.

ನನ್ನ ತಯಾರಿಯನ್ನು ಇಲ್ಲಿ ಮುಚ್ಚಿಟ್ಟರೆ ಮೊಮ್ಮಗ ಬಿಚ್ಚಿಡುತ್ತಾನೆ, ಆದ್ದರಿಂದ ನಾನೇ ಹೇಳುತ್ತೇನೆ. ಮೊಣಕಾಲು ಗಟ್ಟಿಯಾಗಲೆಂದು ಗೋಳಗುಮ್ಮಟಕ್ಕೆ ಹೋಗಿ ಏಳು ಅಂತಸ್ತಿನ ಮಿನಾರದ ಮೆಟ್ಟಿಲು ಹತ್ತಿದೆ. ಮೇಲೆ ಹೋಗಿ ಏದುಸಿರು ಬಿಟ್ಟೆ. ಆ ಗ್ಯಾಲರಿಯ ಗುಣ ನಿಮಗೆ ಗೊತ್ತೇ ಇದೆ: ನನ್ನ ಒಂದು ಏದುಸಿರನ್ನು ಏಳೆಂಟು ಸಲ ತಿರುಗಿಸಿ ಹೇಳಿತು. ಅತ್ತ ಕಡೆ ನಿಂತಿದ್ದ ಸಾಲಿ ಹುಡುಗರು ಯಾವುದೋ ಪ್ರಾಣಿ ಒಳಹೊಕ್ಕಿದೆ ಎಂದು ಹುಡುಕತೊಡಗಿದರು. ನಾನೂ ಅವರ ಜೊತೆ ಹುಡುಕಿದಂತೆ ಮಾಡಿ ಇಳಿದು ಬಂದೆ.

ಹೆಂಡತಿಯ ತಯಾರಿ ಬೇರೆ ನಮೂನೆ. ಎಳ್ಳು ಹಚ್ಚಿದ ಅರವತ್ತು ಕಡಕ್ ಸಜ್ಜಿ ರೊಟ್ಟಿ, ಎರಡು ಕಿಲೋ ಶೇಂಗಾ ಹಿಂಡಿ, ಒಂದು ಡಬ್ಬಿ ಕೆಂಪು ಖಾರ. “ಅಲ್ಲೆಲ್ಲಾ ಊಟ ಸಿಗ್ತೈತಿ” ಅಂದೆ. “ಸಿಗ್ತೈತಿ, ನಿಮಗ ಸೇರೂದಿಲ್ಲ” ಅಂದಳು. ಸೊಲ್ಲಾಪುರದಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತುವಾಗ ನನ್ನ ಹೆಗಲ ಮೇಲಿದ್ದದ್ದು ಉಣ್ಣೆಯ ಅಂಗಿಯ ಚೀಲವಲ್ಲ, ರೊಟ್ಟಿಯ ಗಂಟು. ಅದನ್ನು ಯಾರಾದರೂ ಒರಗಿದರೆ ಮುರಿಯುತ್ತದೆಂದು ದಿಲ್ಲಿವರೆಗೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಮಗ, ಸೊಸೆ, ಮೊಮ್ಮಗ ವಿಮಾನದಲ್ಲಿ ಬಂದು ದಿಲ್ಲಿಯಲ್ಲಿ ಕೂಡಿಕೊಂಡರು. ಅಲ್ಲಿಂದ ರಾತ್ರಿ ಬಸ್ಸು. ತಿರುವುಗಳ ಬಗ್ಗೆ ಏನೂ ಬರೆಯುವುದಿಲ್ಲ, ಹೊಟ್ಟೆಗೆ ಈಗಲೂ ನೆನಪಿದೆ.

ಮನಾಲಿಯಿಂದ ಸೋಲಂಗಕ್ಕೆ ಹೋಗುವ ದಾರಿಯ ಬದಿ ಸಾಲು ಸಾಲು ಅಂಗಡಿ, ಒಂದೊಂದಕ್ಕೂ ಒಂದು ನಂಬರು. ಹಿಮದಾಗ ಹಾಕುವ ಡ್ರೆಸ್ಸು, ಗಮ್‌ಬೂಟು ಬಾಡಿಗೆಗೆ. ಯಾವ ನಂಬರಿನಲ್ಲಿ ನಿಲ್ಲಬೇಕೆಂಬುದು ಡ್ರೈವರಿನ ಮರ್ಜಿ. ನನಗೆ ಸಿಕ್ಕ ಕೆಂಪು ಸೂಟು ನನಗಿಂತ ಮೊದಲು ಅರ್ಧ ಹಿಂದೂಸ್ತಾನವನ್ನು ಬೆಚ್ಚಗಿಟ್ಟಿತ್ತು ಎಂಬುದು ವಾಸನೆಯಿಂದಲೇ ತಿಳಿಯಿತು. ಹೆಂಡತಿ ಇಳಕಲ್ ಸೀರೆ ಬಿಚ್ಚಲು ಸುತಾರಾಂ ಒಪ್ಪಲಿಲ್ಲ. ಅದರ ಮೇಲೆಯೇ ಸೂಟು ಏರಿಸಿದಳು. ನಿರಿಗೆಯೆಲ್ಲ ಎಡಗಾಲಿಗೆ ಬಂದು ಎಡಗಡೆ ಆನೆಕಾಲು, ಬಲಗಡೆ ಕೋಳಿಕಾಲು ಆಯಿತು. ಸೊಸೆ ಬೂಟು ತೊಡಿಸುತ್ತ ನಗುತ್ತಿದ್ದಳು. ನಾನೂ ನಕ್ಕೆ. ಕನ್ನಡಿ ಮುಂದೆ ಹೋದ ಮೇಲೆ ನಿಲ್ಲಿಸಿದೆ.

ಎರಡು ದಿನದ ಹಿಂದಷ್ಟೇ ಹಿಮ ಬಿದ್ದಿತ್ತು. ಗಾಡಿ ಇಳಿದು ನೋಡಿದರೆ ಒಂದು ಇಡೀ ಗುಡ್ಡ ಬೆಳ್ಳಗೆ. ಮೂವತ್ತೊಂದು ವರ್ಷ ಕಲಿಸಿದ ಪಾಠ ಕಣ್ಣೆದುರು ನಿಂತಿತ್ತು. ಏನಾದರೂ ಘನವಾದದ್ದು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ತಿಕೋಟಾದವ ಬಗ್ಗಿ ಒಂದು ಹಿಡಿ ಹಿಮ ಎತ್ತಿ ಮುಷ್ಟಿಯಲ್ಲಿ ಹಿಂಡಿದ. ಬೆರಳಸಂದಿಯಿಂದ ನೀರು ತೊಟ್ಟಿಕ್ಕಿತು. “ಮಾಮಾ, ಇದು ಎಷ್ಟು ಟ್ಯಾಂಕರ್ ಆದೀತು?” ಅವನ ಪ್ರಶ್ನೆಗೆ ನಗಬೇಡಿ. ಬರದ ವರ್ಷಗಳಲ್ಲಿ ಟ್ಯಾಂಕರಿನಿಂದ ನೀರು ತಂದು ಬಳ್ಳಿಯ ಬುಡಕ್ಕೆ ಹನಿ ಹನಿ ಬಿಟ್ಟು ಪಡ ಉಳಿಸಿಕೊಂಡವರು ತಿಕೋಟಾದವರು. ತುಬಚಿ-ಬಬಲೇಶ್ವರ ಏತ ನೀರಾವರಿ ಎಂದು ಕೃಷ್ಣೆಯನ್ನು ಮೋಟಾರು ಹಚ್ಚಿ ಮೇಲೆತ್ತಿ ತರುವ ಸೀಮೆ ನಮ್ಮದು. ಇಲ್ಲಿ ನೀರು ತಾನಾಗಿ ಗುಡ್ಡದ ನೆತ್ತಿಗೆ ಬಂದು ಕೂತಿದೆ, ಜನ ಅದರ ಮೇಲೆ ಜಾರಿ ಆಡುತ್ತಿದ್ದಾರೆ. ಅವನಿಗೆ ಸಿಟ್ಟು ಬಂದದ್ದು ಸಹಜ.

ಸ್ಕೀ ಕಲಿಸುವ ಹುಡುಗನೊಬ್ಬ ಗಂಟು ಬಿದ್ದ. ಹದಿನೈದು ನೂರು ಅಂದ, ಎಂಟು ನೂರಕ್ಕೆ ಇಳಿಸಿದೆ. ಚೌಕಾಶಿಯಲ್ಲಿ ಗೆದ್ದವನು ಮುಂದಿನ ಆಟವನ್ನೂ ಗೆದ್ದೆ ಅಂದುಕೊಳ್ಳುವುದು ನನ್ನ ಹಳೇ ರೋಗ. ಯಾವ ಊರು ಎಂದು ಕೇಳಿದ. ಕರ್ನಾಟಕ ಅಂದದ್ದೇ ಅವನ ಮುಖ ಅರಳಿತು. “ಅರೇ, ಕರ್ನಾಟಕ್! ಭವಾನಿ!” ನನಗೆ ತಿಳಿಯಲಿಲ್ಲ. ಸೊಸೆ ತಿಳಿಸಿದಳು: ಕೊಡಗಿನ ಹುಡುಗಿ, ಭವಾನಿ ತೆಕ್ಕಡ ನಂಜುಂಡ, 2024ರ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಗುಲ್ಮಾರ್ಗಿನ ಹಿಮದ ಮೇಲೆ ಸ್ಕೀ ಓಡಿಸಿ ಚಿನ್ನ ಗೆದ್ದವಳು. ಹಿಮವೇ ಬೀಳದ ರಾಜ್ಯದಿಂದ ಬಂದು ಹಿಮದ ನಾಡಿನವರೆದುರು ಚಿನ್ನ ಗೆಲ್ಲುವುದು ಸಣ್ಣ ಮಾತಲ್ಲ. ಆದರೆ ಆ ಹೊತ್ತಿನಲ್ಲಿ ಇಡೀ ರಾಜ್ಯದ ಮಾನ ನನ್ನ ಮೊಣಕಾಲಿನ ಮೇಲೆ ಬಂದು ಕೂತಿತು. ಹುಡುಗ ನನ್ನನ್ನು ಕಲಿಯುವ ಮಕ್ಕಳ ಸಾಲಿನಿಂದ ಬಿಡಿಸಿ ಸ್ವಲ್ಪ ಮೇಲಕ್ಕೆ ಕರೆದೊಯ್ದ.

ಸ್ಕೀ ಬೂಟು ಅಂದರೆ ಪಾದರಕ್ಷೆ ಅಲ್ಲ, ಕಾಲಿಗೆ ಹಾಕಿದ ಬೀಗ. ಹಿಮ್ಮಡಿ ಒತ್ತಿದರೆ ಟಕ್ ಎಂದು ಹಲಗೆಗೆ ಕೂಡಿಕೊಳ್ಳುತ್ತದೆ. ಆಮೇಲೆ ಕಾಲು ನಿಮ್ಮದಲ್ಲ. ಹುಡುಗ ನನ್ನೆದುರಿಗೆ ಇಳಿಜಾರಿನ ಕೆಳಗೆ ಹೋಗಿ, ನನ್ನ ಕಡೆ ಮುಖ ಮಾಡಿ ನಿಂತು, ನಿಲ್ಲಬೇಕಾದಾಗ ಒಂದೇ ಕೆಲಸ ಮಾಡಿ ಅಂದ: “ವಿ ಬನಾವೋ ಅಂಕಲ್, ವಿ!”

ಇಂಗ್ಲಿಷಿನ ವಿ. ನನಗೆ ಬಾರದ್ದೇನು? ಅವನ ಕಣ್ಣಿಗೆ ಎರಡು ಹಲಗೆಯ ಮೂತಿ ಮುಂದೆ ಕೂಡಿ, ಹಿಂಬದಿ ಅಗಲಾದರೆ ಅದು ವಿ. ಹಾಗೆ ಮಾಡಿದರೆ ಹಲಗೆಯ ಒಳಅಂಚು ಹಿಮವನ್ನು ಕೆರೆದು ಓಟ ತಗ್ಗುತ್ತದೆ. ಇಂಗ್ಲಿಷರು ಅದಕ್ಕೆ ಹಿಮದ ನೇಗಿಲು ಎಂದೇ ಹೆಸರಿಟ್ಟಿದ್ದಾರೆ. ಆದರೆ ಮೇಲೆ ನಿಂತ ನನ್ನ ಕಣ್ಣಿಗೆ ಅದು ತಲೆಕೆಳಗಾದ ವಿ. ಮಾಸ್ತರನಾದವನು ತಲೆಕೆಳಗಾದ ಅಕ್ಷರ ಬರೆಯುತ್ತಾನೆಯೇ? ನಾನು ನನ್ನ ವಿ ಬರೆದೆ. ಹಿಮ್ಮಡಿ ಕೂಡಿಸಿದೆ, ಮೂತಿ ಅಗಲಿಸಿದೆ.

ಎಡಗಾಲು ತಿಬೇಟಿನ ಕಡೆ ಹೊರಟಿತು, ಬಲಗಾಲು ಪಂಜಾಬಿನ ಕಡೆ. ಹುಡುಗ “ವಿ! ವಿ!” ಎಂದು ಕೂಗಿದಷ್ಟೂ ನಾನು ಶಿಸ್ತಿನ ವಿದ್ಯಾರ್ಥಿಯಂತೆ ವಿ ಅಗಲ ಮಾಡುತ್ತ ಹೋದೆ. ಓಟ ಹೆಚ್ಚಿತು. ಹುಡುಗ ಬದಿಗೆ ಹಾರಿದ. ಜೊತೆಗೆ ಫೋಟೋ ತೆಗೆಸಿಕೊಳ್ಳಲಿ ಎಂದು ನಿಲ್ಲಿಸಿದ್ದ ಯಾಕ್ ಒಂದು ನಾನು ಬರುವುದು, ಹೋಗುವುದು ಎರಡನ್ನೂ ನೋಡಿ ಮೆಲುಕು ಹಾಕಿತು. ನಾನು “ಯಪ್ಪೋ” ಎಂದು ಚೀರಿದ್ದು ನಿಜ. ಹೊಸ ಹಿಮ ಸದ್ದನ್ನು ನುಂಗುತ್ತದೆ ಎಂದು ಪಾಠದಲ್ಲಿ ಹೇಳುತ್ತಿದ್ದೆ, ಅದೊಂದು ಮಾತು ಆ ದಿನ ಖರೆ ಆಯಿತು. ಗೋಳಗುಮ್ಮಟದಲ್ಲಾಗಿದ್ದರೆ ಏಳು ಸಲ ಚೀರಿದಂತಾಗುತ್ತಿತ್ತು.

ಹೋಗಿ ನಿಂತದ್ದು ಜಾರುಬಂಡೆ ಆಟಕ್ಕೆಂದು ಒಟ್ಟಿದ್ದ ರಬ್ಬರ್ ಟ್ಯೂಬುಗಳ ಗುಡ್ಡೆಯೊಳಗೆ. ತಿಕೋಟಾದವ ಎಲ್ಲರಿಗಿಂತ ಮೊದಲು ಓಡಿ ಬಂದ. “ಪಂಚರ್ ಆತೇನ್ ನೋಡ್ರಿ.” ಸ್ವಲ್ಪ ಸೊಂಟ ನೋಯುತ್ತದೆ ಅಂದೆ. “ನಿಮಗಲ್ಲ ಮಾಮಾ, ಟ್ಯೂಬಿಗೆ. ರೊಕ್ಕ ಕೇಳತಾರ.”

ಏಳುವುದು ಬೀಳುವುದಕ್ಕಿಂತ ಕಷ್ಟ. ಎದ್ದ ಕೂಡಲೇ ಹಲಗೆ ಮತ್ತೆ ಇಳಿಜಾರು ಹಿಡಿಯುತ್ತಿತ್ತು. ಮೂರು ಸಲ ಎದ್ದೆ, ನಾಲ್ಕು ಸಲ ಬಿದ್ದೆ. ಲೆಕ್ಕ ಮೊಮ್ಮಗನದು, ಹ್ಯಾಗೆ ಸಾಧ್ಯ ಎಂದು ನನ್ನನ್ನು ಕೇಳಬೇಡಿ. ಆಗ ತಿಕೋಟಾದವ, ಜೀವನದಲ್ಲಿ ಹಿಮ ಕಂಡು ಒಂದು ತಾಸೂ ಆಗದ ಮನುಷ್ಯ, ದೂರ ನಿಂತು ಹೇಳಿದ: “ಇಳಿಜಾರಿಗೆ ಅಡ್ಡ ಇಡ್ರಿ ಮಾಮಾ. ಹೊಲದಾಗ ಒಡ್ಡು ಹಾಕೂದಿಲ್ಲೇನು, ಹಂಗ.” ಅಡ್ಡ ಇಟ್ಟೆ. ನಿಂತೆ. ಸಮೋನ್ನತ ರೇಖೆ ಎಂದು ನಾನು ಪ್ರತಿ ವರ್ಷ ಎರಡು ಪೀರಿಯಡ್ ತಗೊಂಡು ಕಲಿಸುತ್ತಿದ್ದದ್ದು ಅದನ್ನೇ. ಹುಡುಗ ಅವನ ಕಡೆ ನೋಡಿದ ಗೌರವದಲ್ಲಿ ಕಾಲುಭಾಗವೂ ನನ್ನ ಪಾಲಿಗೆ ಬರಲಿಲ್ಲ.

ಕೊಟ್ಟ ಹಣದಲ್ಲಿ ಸಮಯ ಇನ್ನೂ ಉಳಿದಿತ್ತು. “ಪುಕ್ಕಟ ಯಾಕ ಬಿಡೂದು?” ಎಂದು ನನ್ನ ಹೆಂಡತಿ ಮುಂದೆ ಬಂದಳು. ಬೇಡ ಅಂದೆ, ಸೊಂಟ ಅಂದೆ, ಸೀರೆ ಅಂದೆ. “ನೀವು ಕುಂದರ್ರಿ.” ಹುಡುಗ ಮತ್ತೆ ವಿ ಅಂದ. ಅವಳಿಗೆ ವಿ ಬೇಕಾಗಿರಲಿಲ್ಲ. ಸೂಟಿನ ಆನೆಕಾಲು, ಕೋಳಿಕಾಲು ಎರಡನ್ನೂ ಒಳಮುಖ ಮಾಡಿ, ಮಂಡಿ ಸ್ವಲ್ಪ ಬಗ್ಗಿಸಿ, ಬಾವಿಯಿಂದ ತುಂಬಿದ ಕೊಡ ತರುವ ಗತ್ತಿನಲ್ಲಿ ಸರ್ ಎಂದು ಹೊರಟಳು. ಇಪ್ಪತ್ತು ಹೆಜ್ಜೆ ದೂರ ಹೋಗಿರಬೇಕು. ತಾನಾಗಿ ನಿಂತಳು. ತಿರುಗಿ ನೋಡಿದಳು. ಹುಡುಗ ಚಪ್ಪಾಳೆ ತಟ್ಟಿದ. ನಾನು ಗಂಟಲು ಸರಿ ಮಾಡಿಕೊಂಡು, ಇದನ್ನೆಲ್ಲಿ ಕಲಿತಿ ಎಂದು ಕೇಳಿದೆ.

“ಕಲಿಯೂದೇನ್ರಿ ಇದರಾಗ? ಮಳಿಗಾಲದಾಗ ಎರಿಹೊಲದ ರಾಡಿಯಾಗ ನಡಿಯೂದು ಹಿಂಗs ಅಲ್ಲೇನು? ಬಟ್ಟು ಒಳಗ ಮಾಡಿ ಊರದಿದ್ರ ಜಾರತೈತಿ.”

ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚಿದಳು. ದಿಲ್ಲಿವರೆಗೆ ನಾನು ತೊಡೆಯ ಮೇಲೆ ಜೋಪಾನ ಮಾಡಿದ ರೊಟ್ಟಿಗಳಲ್ಲಿ ಇಡಿಯಾಗಿ ಉಳಿದದ್ದು ಬಹಳಿಲ್ಲ. ಟ್ಯೂಬಿನ ಗುಡ್ಡೆಗೆ ನುಗ್ಗುವಾಗ ಗಂಟು ನನ್ನ ಬೆನ್ನಿಗಿತ್ತಲ್ಲ, ಅದನ್ನು ಹೇಳಲು ಮರೆತಿದ್ದೆ. ಸ್ಕೀ ಹುಡುಗ ಒಂದು ಚೂರು ಬಾಯಿಗಿಟ್ಟು ಹಪ್ಪಳ ಅಂದುಕೊಂಡ. ಶೇಂಗಾ ಹಿಂಡಿ ಹಚ್ಚಿಕೊಂಡ ಮೇಲೆ ಹಪ್ಪಳವಲ್ಲ ಎಂದು ತಿಳಿದು ಮತ್ತೆ ಕೈ ಚಾಚಿದ. ಕೆಂಪು ಖಾರಕ್ಕೆ ಕೈ ಹಾಕುವಾಗ ತಿಕೋಟಾದವ ತಡೆಯಬೇಕಿತ್ತು, ತಡೆಯಲಿಲ್ಲ. ಹುಡುಗ ಒಂದು ಹಿಡಿ ಹಿಮ ಬಾಯಿಗೆ ತುಂಬಿಕೊಂಡ. ಹಿಮದ ಉಪಯೋಗವೊಂದು ಕೊನೆಗೂ ಕಂಡಿತು ಎಂದು ತಿಕೋಟಾದವ ಸಮಾಧಾನಪಟ್ಟ.

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯೊಳಗೆ ವಿಜಯಪುರ ಸೇರಿದೆವು. ಜಾತ್ರೆಯಲ್ಲಿ ಹಳೆಯ ಶಿಷ್ಯರು ಸಿಕ್ಕರು, ಕಾಲು ಎಳೆದು ನಡೆಯುವುದನ್ನು ಕಂಡು ಏನಾಯಿತು ಎಂದು ಕೇಳಿದರು. ಎಂಟೂವರೆ ಸಾವಿರ ಅಡಿ ಎತ್ತರದಲ್ಲಿ, ಕಡಿದಾದ ಇಳಿಜಾರಿನಲ್ಲಿ ಎಂದು ನಾನು ಶುರು ಮಾಡುವುದಕ್ಕೂ ಮೊಮ್ಮಗ ಮೊಬೈಲ್ ತೆಗೆಯುವುದಕ್ಕೂ ಸರಿಹೋಯಿತು. ವಿಡಿಯೋ ಮೂವತ್ತೆಂಟು ಸೆಕೆಂಡಿನದು. ಹಿನ್ನೆಲೆಯಲ್ಲಿ ಹೆಂಡತಿಯ ದನಿ ಸ್ಪಷ್ಟವಾಗಿ ಕೇಳುತ್ತದೆ: “ರೊಟ್ಟಿ! ರೊಟ್ಟಿ!” ನನ್ನ ಹೆಸರು ಎಲ್ಲೂ ಇಲ್ಲ. ಒಬ್ಬ ಶಿಷ್ಯ ಅದನ್ನು ಎರಡು ಸಲ ನೋಡಿ, “ಸರ್, ನಿಮ್ಮ ಅಕ್ಷರ ಮಾತ್ರ ಈಗಲೂ ದುಂಡಗs ಅದಾವ್ರಿ” ಅಂದ.

ನಮ್ಮ ಕಡೆಯಿಂದ ಯಾರಾದರೂ ಸೋಲಂಗಕ್ಕೆ ಹೊರಟಿದ್ದರೆ ರೊಟ್ಟಿ ಧಾರಾಳ ಒಯ್ಯಿರಿ, ಆದರೆ ಗಂಟು ಬೆನ್ನಿಗೆ ಕಟ್ಟಿಕೊಳ್ಳಬೇಡಿ. ಕಲಿಸುವ ಹುಡುಗ ವಿ ಮಾಡು ಅಂದಾಗ, ನಾಚಿಕೆ ಬಿಟ್ಟು ಮೊದಲೇ ಕೇಳಿ: ಯಾರ ಕಡೆಯಿಂದ?