ಸಗಟು ಗುಂಡು, ಚಿಲ್ಲರೆ ಗುಮಾನಿ

ವರ್ಷಕ್ಕಾಗುವಷ್ಟು ಅಕ್ಕಿಯನ್ನು ಒಂದೇ ಸಲ ತಂದು ಹಾಕಿದವನನ್ನು ನಮ್ಮಲ್ಲಿ ಜಾಣ ಸಂಸಾರಿ ಅನ್ನುತ್ತಾರೆ. ಅಮೆರಿಕದಲ್ಲಿ ತೋಟಾಗಳನ್ನು ಸಗಟಿನಲ್ಲಿ ತರುವವನೂ ತನ್ನ ಬಗ್ಗೆ ಹಾಗೇ ತಿಳಿದಿರುತ್ತಾನೆ. ಪಕ್ಕದ ಮನೆಯವರಿಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತುವುದಿಲ್ಲ.

ಅವನನ್ನೇ ಕೇಳಿ, ಲೆಕ್ಕ ಒಪ್ಪಿಸುತ್ತಾನೆ. ಪಾಯಿಂಟ್ 22 ತೋಟಾ ಐನೂರರ ಕಟ್ಟಿನಲ್ಲಿ ಬರುತ್ತದೆ, ಅದಕ್ಕೆ ಬ್ರಿಕ್ ಅನ್ನುತ್ತಾರೆ. 9 ಎಂಎಂ ಆದರೆ ಸಾವಿರದ ಕೇಸು. ಐವತ್ತರ ಡಬ್ಬಿಗಿಂತ ಕೇಸು ಸೋವಿ. ವಾರಕ್ಕೊಮ್ಮೆ ರೇಂಜಿಗೆ ಹೋಗಿ ಕಾಗದದ ಗುರಿಗೆ ಇನ್ನೂರು ಹೊಡೆಯುವವನಿಗೆ ಸಾವಿರ ಎಷ್ಟು ದಿನ ಬಂದೀತು ಹೇಳಿ? ಸಾಲದ್ದಕ್ಕೆ 2020ರಲ್ಲಿ ಟಾಯ್ಲೆಟ್ ಪೇಪರಿನ ಜೊತೆ ತೋಟಾವೂ ಅಂಗಡಿಯಿಂದ ಮಾಯವಾಗಿತ್ತು. ಆಗ ದುಪ್ಪಟ್ಟು ತೆತ್ತವನು ಅಗ್ಗ ಕಂಡಾಗ ಬಾಚಿಕೊಳ್ಳದೆ ಇರುತ್ತಾನೆಯೇ? ಬೆಲೆಯೊಳಗೆ ಶೇ 11ರ ತೆರಿಗೆಯೂ ಕೂತಿದೆ. 1937ರ ಕಾಯ್ದೆಯಂತೆ ಆ ಹಣ ವನ್ಯಜೀವಿಗಳ ಸಂರಕ್ಷಣೆಗೆ. ಜಿಂಕೆಗೆ ಗುರಿಯಿಟ್ಟ ಗುಂಡಿನಲ್ಲಿ ಜಿಂಕೆಯ ಪಾಲೂ ಇದೆ ಅನ್ನಿ.

ಬೆಲೆ ಏರಿಸಿಯೇ ಬಂದೂಕಿನ ಬಾಯಿ ಕಟ್ಟಬಹುದು ಎಂದವರೂ ಇದ್ದಾರೆ. 1993ರಲ್ಲಿ ಸೆನೆಟರ್ ಮೊಯ್ನಿಹಾನ್ ಕೆಲವು ಬಗೆಯ ಪಿಸ್ತೂಲು ಗುಂಡುಗಳಿಗೆ ಶೇ 10,000 ತೆರಿಗೆ ಹಾಕೋಣ ಎಂದರು. ಹಾಸ್ಯಗಾರ ಕ್ರಿಸ್ ರಾಕ್ ಒಂದೊಂದು ಗುಂಡಿಗೆ 5,000 ಡಾಲರ್ ಇಡಿ ಎಂದ. ರಾಕ್‌ಗೆ ಚಪ್ಪಾಳೆಯಾದರೂ ಗಿಟ್ಟಿತು.

ನಗುವಂತಿಲ್ಲದ್ದೂ ಇದೆ. 2012ರ ಜುಲೈ 20ರಂದು ಕೊಲರಾಡೋದ ಅರೋರಾದಲ್ಲಿ ಚಿತ್ರಮಂದಿರಕ್ಕೆ ನುಗ್ಗಿ 12 ಜನರನ್ನು ಕೊಂದವನು ಅದಕ್ಕೆ ಮುಂಚೆ ಆರು ಸಾವಿರದಷ್ಟು ತೋಟಾ ಇಂಟರ್ನೆಟ್ಟಿನಲ್ಲಿ ತರಿಸಿಕೊಂಡಿದ್ದ. ಎಲ್ಲವೂ ಕಾನೂನಿನೊಳಗೇ. ಯಾಕಪ್ಪಾ ಇಷ್ಟು ಎಂದು ಒಬ್ಬರಾದರೂ ಕೇಳಬೇಕಿತ್ತು ಎಂದೇ ನನ್ನ ಮತ. ಆದರೆ ಒಳಗೆ ಅವನು ಹಾರಿಸಿದ್ದು 76. ಅಷ್ಟಕ್ಕೆ ಎರಡು ಡಬ್ಬಿ ಸಾಕು, ಎರಡು ಡಬ್ಬಿ ಕೊಂಡವನ ಮೇಲೆ ಯಾರಿಗೆ ಗುಮಾನಿ ಬಂದೀತು? ಐದು ದಿನದೊಳಗೆ ಸಾವಿರ ಮೀರಿ ಕೊಂಡರೆ ಪೊಲೀಸರಿಗೆ ತಿಳಿಸಬೇಕು ಎಂಬ ಮಸೂದೆಯೊಂದು ಆ ತಿಂಗಳೇ ಬಂತು, ಬಂದಲ್ಲೇ ಮಲಗಿತು. ಎದ್ದಿದ್ದರೂ ಮರುದಿನವೇ ಅಂಗಡಿಯಲ್ಲಿ 999ರ ಪ್ಯಾಕೆಟ್ ಸಿಗುತ್ತಿತ್ತು ಬಿಡಿ.

ನಮ್ಮಲ್ಲಿ ಈ ತಲೆನೋವಿಲ್ಲ, ವರ್ಷಕ್ಕೆಷ್ಟು ತೋಟಾ ಎಂದು ಲೈಸೆನ್ಸಿನಲ್ಲೇ ಬರೆದಿರುತ್ತದೆ. ಕೋವಿಗೆ ಲೈಸೆನ್ಸೇ ಬೇಡದ ಕೊಡವರ ಸಂಪ್ರದಾಯ ನೋಡಿ: ಗಂಡುಮಗು ಹುಟ್ಟಿದರೆ ಒಂದು ಗುಂಡು, ಸತ್ತರೆ ಎರಡು. ಇಡೀ ಜನ್ಮಕ್ಕೆ ಮೂರು. ತೆಂಗಿನಕಾಯಿಗೆ ಗುರಿಯಿಡುವ ಪಂದ್ಯದ ಖರ್ಚು ಬೇರೆ.

ಇನ್ನು ಗುಮಾನಿಯ ತಮಾಷೆ. ಅರೋರಾ ಆದ ಮುಂದಿನ ತಿಂಗಳೇ, ಮುದುಕರಿಗೆ ಪಿಂಚಣಿ ಕೊಡುವ ಸೋಶಿಯಲ್ ಸೆಕ್ಯುರಿಟಿ ಇಲಾಖೆ 1,74,000 ತೋಟಾ ಬೇಕೆಂದು ಟೆಂಡರ್ ಕರೆದದ್ದು ಬಯಲಾಯಿತು. ಕೇಸುಗಟ್ಟಲೆ ಪೇರಿಸಿಟ್ಟವರೇ ಹೌಹಾರಿದರು: ಪಿಂಚಣಿ ಆಫೀಸಿಗೆ ಗುಂಡೇಕೆ, ಅಜ್ಜಿಯರು ದಂಗೆ ಏಳುತ್ತಾರಾ? ಇಲಾಖೆಯಲ್ಲಿ ವಂಚನೆ ಹಿಡಿಯುವ ಶಸ್ತ್ರಧಾರಿ ಏಜೆಂಟರು 295 ಜನ. ತಲೆಗೆ ಆರುನೂರೂ ಬೀಳಲಿಲ್ಲ, ಹೌಹಾರಿದವರ ಒಂದು ಕೇಸಿಗಿಂತ ಕಡಿಮೆ.

ಸರ್ಕಾರವೇ ಮಾರುಕಟ್ಟೆ ಬರಿದು ಮಾಡುತ್ತಿದೆ ಎಂದು ಕೆಲವರು, ಹೊಸ ಕಾನೂನು ಬಂದೀತೆಂದು ಕೆಲವರು, ಅಂತೂ ಎಲ್ಲರೂ ಬಾಚಿದರು. 2013ರ ಜನವರಿಯಲ್ಲಿ ವಾಲ್‌ಮಾರ್ಟ್ ಒಬ್ಬ ಗಿರಾಕಿಗೆ ದಿನಕ್ಕೆ ಮೂರೇ ಡಬ್ಬಿ ಎಂದು ಕಟ್ಟಪ್ಪಣೆ ಮಾಡಿತು. ಸಂಸತ್ತಿನ ಕೈಲಾಗದ್ದು ಅಂಗಡಿಯವನ ಕೈಲಾಯಿತು. ಅವನಿಗೇನೂ ಯಾರ ಮೇಲೂ ಅನುಮಾನವಿರಲಿಲ್ಲ, ಮಾಲು ಸಾಲುತ್ತಿರಲಿಲ್ಲ, ಅಷ್ಟೇ.